ನೋಮ್‌ನಿಂದ ಪ್ರೊವಿದೇನಿಯಾಕ್ಕೆ ಎಷ್ಟು ದೂರ?

(ಗ್ರಂಥಾಲಯವೊಂದರ ವಾರಾಂತ್ಯದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಶಾಲೆಯ ಗೋಡೆಗೆ ತೂಗುಹಾಕಿದ್ದ ಪ್ರಪಂಚದ ಭೂಪಟ ನಿಮಗೆಲ್ಲ ನೆನಪಿದ್ದೀತು. ಅದರ ಎಡಗಡೆಯ ಮೇಲ್ತುದಿಯಲ್ಲಿ ಅಲಾಸ್ಕಾ ಇರುತ್ತದೆ. ಬಲಗಡೆಯ ಮೇಲ್ತುದಿಯಲ್ಲಿ ರಷ್ಯದ ಕಟ್ಟಕಡೆಯ ಸೀಮೆ ಚುಕೋತ್ಕಾ. ಒಂದರಿಂದ ಇನ್ನೊಂದಕ್ಕೆ ಬೆರಳೆಳೆಯಬೇಕಾದರೆ ಕೆನಡಾ, ಗ್ರೀನ್‌ಲೆಂಡ್, ಯೂರೋಪು, ಆಮೇಲೆ ಉದ್ದಾನುದ್ದದ ರಷ್ಯ ಎಲ್ಲವನ್ನೂ ದಾಟಬೇಕು. ಆದರೆ ಆ ಭೂಪಟವನ್ನು ಗೋಡೆಯಿಂದ ಇಳಿಸಿ, ಚಾಪೆ ಸುತ್ತುವಂತೆ ಸುತ್ತಿ, ಎಡ ಅಂಚಿಗೆ ಬಲ ಅಂಚನ್ನು ಕೂಡಿಸಿ ನೋಡಿ. ಅಲಾಸ್ಕಾವೂ ಚುಕೋತ್ಕಾವೂ ಎದುರುಬದುರು ಮನೆಗಳ ಹಾಗೆ ನಿಂತುಬಿಡುತ್ತವೆ. ನಡುವೆ ಇರುವುದು ಬೇರಿಂಗ್ ಜಲಸಂಧಿ. ತೀರ ಕಿರಿದಾದ ಕಡೆ ಅದರ ಅಗಲ ಸುಮಾರು 85 ಕಿಲೋಮೀಟರು, ಅಷ್ಟೆ.

ಇವತ್ತು ನಾನು ಹೇಳಹೊರಟಿರುವುದು ಈ ನೀರಿನ ಎರಡು ಬದಿಗಳಲ್ಲಿರುವ ಎರಡು ಸಣ್ಣ ವಿಮಾನ ನಿಲ್ದಾಣಗಳ ವಿಷಯ. ಅಮೆರಿಕದ ಕಡೆಯದು ನೋಮ್. ರಷ್ಯದ ಕಡೆಯದು ಪ್ರೊವಿದೇನಿಯಾ. ಇವುಗಳ ನಡುವಿನ ದೂರವೆಷ್ಟು, ಹೋಗಲು ಹಿಡಿಯುವ ಹೊತ್ತೆಷ್ಟು ಎಂಬುದು ಮೇಲ್ನೋಟಕ್ಕೆ ಐದನೇ ತರಗತಿಯ ಲೆಕ್ಕ. ಬಿಡಿಸಲು ಕೂತರೆ ಅದು ಗಣಿತದ ಪುಸ್ತಕವನ್ನು ಬಿಟ್ಟು ಚರಿತ್ರೆಯ ಪುಸ್ತಕಕ್ಕೆ ಹೋಗಿಬಿಡುತ್ತದೆ.

ಮೊದಲು ಊರುಗಳ ಪರಿಚಯ. ನೋಮ್ ಸುಮಾರು 3,700 ಜನರ ಊರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿ ಚಿನ್ನ ಸಿಕ್ಕಿತು, ಜನ ಮುಗಿಬಿದ್ದರು, ಊರು ಎದ್ದಿತು. ಅಲಾಸ್ಕಾದ ಉಳಿದ ಭಾಗಕ್ಕೂ ಈ ಊರಿಗೂ ಇಂದಿಗೂ ರಸ್ತೆ ಸಂಪರ್ಕವಿಲ್ಲ. ಅದರ ಹೆಸರಿನ ಬಗ್ಗೆ ಒಂದು ಕತೆಯಿದೆ. ನಕ್ಷೆ ಬರೆದವನೊಬ್ಬ ಹೆಸರು ತಿಳಿಯದ ಭೂಶಿರವೊಂದರ ಪಕ್ಕದಲ್ಲಿ ‘ನೇಮ್?’ ಎಂದು ಗುರುತು ಹಾಕಿದ್ದನಂತೆ. ನಕಲು ಮಾಡಿದವನು ಅದನ್ನೇ ‘ನೋಮ್’ ಎಂದು ಓದಿ ಬರೆದನಂತೆ. ನಿಜವೋ ಸುಳ್ಳೋ, ನಮ್ಮ ಕಂದಾಯ ದಾಖಲೆಗಳ ನಕಲುಗಳನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು. ಪ್ರೊವಿದೇನಿಯಾದಲ್ಲಿ ಸುಮಾರು ಎರಡು ಸಾವಿರ ಜನ ಇದ್ದಾರೆ. 1848ರ ಚಳಿಗಾಲದಲ್ಲಿ ಬ್ರಿಟನ್ನಿನ ‘ಪ್ಲೋವರ್’ ಎಂಬ ಹಡಗು ಅಲ್ಲಿನ ಕೊಲ್ಲಿಯಲ್ಲಿ ಆಸರೆ ಪಡೆದು ಬದುಕಿಕೊಂಡಿತು. ಅದರ ಕಪ್ತಾನ ಥಾಮಸ್ ಮೂರ್ ಆ ಕೊಲ್ಲಿಗೆ ದೈವಕೃಪೆ ಎಂಬ ಅರ್ಥದ ಹೆಸರಿಟ್ಟ. ರಷ್ಯನರ ಬಾಯಲ್ಲಿ ಅದು ಪ್ರೊವಿದೇನಿಯಾ ಆಯಿತು.

ಎರಡೂ ಊರುಗಳು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಸುಮಾರು ಅರವತ್ತನಾಲ್ಕೂವರೆ ಡಿಗ್ರಿ ಉತ್ತರ. ರೇಖಾಂಶದಲ್ಲಿ ಅವುಗಳ ಅಂತರ 8 ಡಿಗ್ರಿಗಿಂತ ತುಸು ಕಡಿಮೆ. ಬೆಂಗಳೂರಿನ ಅಕ್ಷಾಂಶದಲ್ಲಿ ರೇಖಾಂಶದ ಒಂದು ಡಿಗ್ರಿ ಎಂದರೆ 108 ಕಿಲೋಮೀಟರು. ಆ ಲೆಕ್ಕದಲ್ಲಿ 850 ಕಿಲೋಮೀಟರಿನ ಹತ್ತಿರ ಬರಬೇಕು. ಆದರೆ ರೇಖಾಂಶಗಳೆಲ್ಲ ಧ್ರುವದಲ್ಲಿ ಹೋಗಿ ಸೇರುವುದರಿಂದ, ಕಿತ್ತಳೆಯ ತೊಳೆಗಳು ತುದಿಯಲ್ಲಿ ಕಿರಿದಾಗುವ ಹಾಗೆ, ಉತ್ತರಕ್ಕೆ ಹೋದಂತೆ ಅವುಗಳ ನಡುವಿನ ಜಾಗ ಕುಗ್ಗುತ್ತ ಹೋಗುತ್ತದೆ. ನೋಮ್‌ನ ಅಕ್ಷಾಂಶದಲ್ಲಿ ಒಂದು ಡಿಗ್ರಿಗೆ ಉಳಿಯುವುದು 48 ಕಿಲೋಮೀಟರು. ಹಾಗಾಗಿ ನೋಮ್‌ನಿಂದ ಪ್ರೊವಿದೇನಿಯಾಕ್ಕೆ ಸುಮಾರು 375 ಕಿಲೋಮೀಟರು. ಬೆಂಗಳೂರಿನಿಂದ ಕೊಚ್ಚಿಗೆ ವಿಮಾನದ ದಾರಿ ಎಷ್ಟೋ, ಹೆಚ್ಚುಕಡಿಮೆ ಅಷ್ಟೇ.

ಈ ಕುಗ್ಗುವಿಕೆಯನ್ನು ಚಪ್ಪಟೆ ಭೂಪಟ ಮರೆಮಾಚುತ್ತದೆ. ಉತ್ತರದ ನಾಡುಗಳನ್ನು ಹಿಗ್ಗಿಸಿ, ಅಗಲಿಸಿ ತೋರಿಸುತ್ತದೆ. ಗೋಲದ ಮೇಲೆ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದಾಗ ಅದು ಯಾವ ದಾರಿ ಹಿಡಿಯುತ್ತದೋ ಅದೇ ನಿಜವಾದ ಹತ್ತಿರದ ದಾರಿ. ಇದಕ್ಕೆ ಮಹಾವೃತ್ತದ ದಾರಿ ಎಂದು ಹೆಸರು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್‌ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ನಿಲ್ಲದೆ ವಿಮಾನ ತಂದರಲ್ಲ, ಅವರು ಬಂದದ್ದು ಉತ್ತರ ಧ್ರುವದ ಮೇಲಿನಿಂದ. ಭೂಪಟ ನೋಡಿದರೆ ಪೆಸಿಫಿಕ್ ಸಾಗರವನ್ನು ಅಡ್ಡಹಾಯ್ದು ಬರಬೇಕಿತ್ತು ಅನ್ನಿಸುತ್ತದೆ. ದಾರ ಹಿಡಿದು ನೋಡಿದರೆ ಅವರ ದಾರಿ ಅರ್ಥವಾಗುತ್ತದೆ.

ದೂರ ಗೊತ್ತಾಯಿತು. ಇನ್ನು ಹೊತ್ತು. ಗಂಟೆಗೆ 800 ಕಿಲೋಮೀಟರು ಓಡುವ ಜೆಟ್ ವಿಮಾನಕ್ಕೆ 375 ಕಿಲೋಮೀಟರು ಎಂದರೆ ಅರ್ಧ ಗಂಟೆಯೂ ಬೇಡ ಎಂದು ಭಾಗಾಕಾರ ಹೇಳುತ್ತದೆ. ಆದರೆ ವಿಮಾನ ನೆಲ ಬಿಟ್ಟ ತಕ್ಷಣ ಆ ವೇಗ ಹಿಡಿಯುವುದಿಲ್ಲ. ಏರುವುದಕ್ಕೆ ಹೊತ್ತು ಬೇಕು, ಇಳಿಯುವುದಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕು. ಇಂಥ ಸಣ್ಣ ದಾರಿಯಲ್ಲಿ ಪೂರ್ಣ ವೇಗದಲ್ಲಿ ಓಡುವುದು ಕೆಲವೇ ನಿಮಿಷ. ಹೀಗಾಗಿ ಜೆಟ್ಟಿಗೆ ಮುಕ್ಕಾಲು ಗಂಟೆ, ರೆಕ್ಕೆಯಲ್ಲಿ ಪಂಖ ತಿರುಗುವ ಸಣ್ಣ ವಿಮಾನಕ್ಕೆ ಒಂದು ಗಂಟೆಯ ಮೇಲೆ. ಜೊತೆಗೆ ಬೇಸಿಗೆಯ ಮಂಜು, ಚಳಿಗಾಲದ ಹಿಮಗಾಳಿ. ಆ ಸೀಮೆಯಲ್ಲಿ ವಿಮಾನ ಹೊರಡುವ ಸಮಯ ಎಂಬುದು ಒಂದು ಆಶಯ ಮಾತ್ರ.

ಲೆಕ್ಕ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಈ ಎರಡು ಊರುಗಳ ನಡುವೆ ಅಂತರರಾಷ್ಟ್ರೀಯ ದಿನರೇಖೆ ಹಾದುಹೋಗುತ್ತದೆ. ಬೇಸಿಗೆಯಲ್ಲಿ ಪ್ರೊವಿದೇನಿಯಾದ ಗಡಿಯಾರ ನೋಮ್‌ಗಿಂತ 20 ಗಂಟೆ ಮುಂದೆ. ಚಳಿಗಾಲದಲ್ಲಿ ಅಲಾಸ್ಕಾದವರು ಗಡಿಯಾರ ಹಿಂದಕ್ಕೆ ತಿರುಗಿಸುವುದರಿಂದ 21 ಗಂಟೆ ಮುಂದೆ. ಬೇಸಿಗೆಯ ಒಂದು ಸೋಮವಾರ ಬೆಳಿಗ್ಗೆ ಹತ್ತಕ್ಕೆ ನೋಮ್ ಬಿಟ್ಟು ಒಂದು ಗಂಟೆ ಹಾರಿದಿರಿ ಎನ್ನಿ, ಇಳಿದಾಗ ಮಂಗಳವಾರ ಬೆಳಿಗ್ಗೆ ಏಳು. ಮಂಗಳವಾರ ಸಂಜೆ ಆರಕ್ಕೆ ಅಲ್ಲಿಂದ ಹೊರಟರೆ ನೋಮ್ ಮುಟ್ಟುವುದು ಸೋಮವಾರ ರಾತ್ರಿ ಹನ್ನೊಂದಕ್ಕೆ. ಮಂಗಳವಾರದ ಊಟ ಮುಗಿಸಿ ಸೋಮವಾರದ ಹಾಸಿಗೆಯಲ್ಲಿ ಮಲಗಬಹುದು. ನಮ್ಮ ಪಂಚಾಂಗದವರು ಇಂಥ ದಿನಕ್ಕೆ ರಾಹುಕಾಲ ಹೇಗೆ ಬರೆಯುತ್ತಿದ್ದರೋ!

ಈ ರೇಖೆ ದೇವರು ಎಳೆದದ್ದಲ್ಲ. ಅಲಾಸ್ಕಾ ಮೊದಲು ರಷ್ಯದ ಸ್ವತ್ತಾಗಿತ್ತು. 1867ರಲ್ಲಿ ಅಮೆರಿಕ ಅದನ್ನು 72 ಲಕ್ಷ ಡಾಲರಿಗೆ ಕೊಂಡಿತು. ಮಾರಾಟದ ಕರಾರಿನಲ್ಲಿ ಗಡಿ ಬರೆದಾಗ, ಜಲಸಂಧಿಯ ಮಧ್ಯದಲ್ಲಿರುವ ಎರಡು ಪುಟ್ಟ ದ್ವೀಪಗಳ ನಡುವೆ ಗೆರೆ ಹಾದುಹೋಯಿತು. ದೊಡ್ಡ ಡಯೊಮೀಡ್ ರಷ್ಯಕ್ಕೆ, ಚಿಕ್ಕ ಡಯೊಮೀಡ್ ಅಮೆರಿಕಕ್ಕೆ. ಅವುಗಳ ನಡುವಿನ ನೀರು 4 ಕಿಲೋಮೀಟರಿಗೂ ಕಡಿಮೆ. ಮಾರಾಟದ ತನಕ ಅಲಾಸ್ಕಾದ ದಿನವೂ ಪಂಚಾಂಗವೂ ರಷ್ಯದವೇ. ಹಸ್ತಾಂತರದ ಹೊತ್ತಿಗೆ ಅಲ್ಲಿ ಅಕ್ಟೋಬರ್ 6, ಶುಕ್ರವಾರ. ಅದರ ಮರುದಿನವನ್ನು ಅಕ್ಟೋಬರ್ 18 ಎಂದು ಎಣಿಸಿದರು, ಅದೂ ಶುಕ್ರವಾರವೇ. ಹಳೆಯ ಜೂಲಿಯನ್ ಪಂಚಾಂಗ ಬಿಟ್ಟು ಗ್ರೆಗೋರಿಯನ್ ಪಂಚಾಂಗ ಹಿಡಿದದ್ದರಿಂದ ತಾರೀಕು ಮುಂದೆ ಹಾರಿತು. ದಿನರೇಖೆಯ ಇನ್ನೊಂದು ಬದಿಗೆ ಸರಿದದ್ದರಿಂದ ವಾರ ಹಿಂದೆ ಬಿತ್ತು. ಜನರು ಮಲಗಿದ್ದಲ್ಲಿಯೇ ಮಲಗಿದ್ದರು. ಅವರಿಗೆ ಎರಡು ಶುಕ್ರವಾರಗಳು ಬಂದವು.

ಇನ್ನು ಪ್ರಯಾಣದ ಕತೆ. ವಿಮಾನಕ್ಕೆ ಮೊದಲು ಆ ಸೀಮೆಯಲ್ಲಿ ದೂರ ಎಂದರೆ ಏನು ಎಂಬುದಕ್ಕೆ 1925ರ ಚಳಿಗಾಲ ಸಾಕ್ಷಿ. ನೋಮ್‌ನ ಮಕ್ಕಳಿಗೆ ಗಂಟಲಮಾರಿ ತಗಲಿತು. ಪ್ರತಿವಿಷದ ಮದ್ದು ಬೇಕು. ಕಡಲು ಹೆಪ್ಪುಗಟ್ಟಿತ್ತು, ಹಡಗು ಬಾರದು. ಆ ಕಾಲದ ತೆರೆದ ವಿಮಾನಗಳನ್ನು ಅಂಥ ಚಳಿಯಲ್ಲಿ ನಂಬುವ ಹಾಗಿರಲಿಲ್ಲ. ರೈಲು ಇದ್ದ ನೆನಾನಾ ಊರಿನಿಂದ ನಾಯಿಬಂಡಿಗಳಲ್ಲಿ ಮದ್ದನ್ನು ಕೈಯಿಂದ ಕೈಗೆ ದಾಟಿಸುತ್ತ, ಸುಮಾರು 20 ಮಂದಿ ಬಂಡಿಕಾರರು 1,085 ಕಿಲೋಮೀಟರು ದಾರಿಯನ್ನು ಐದೂವರೆ ದಿನಗಳಲ್ಲಿ ಕ್ರಮಿಸಿದರು. ಫೆಬ್ರವರಿ 2ರ ಬೆಳಗಿನ ಜಾವ ಮದ್ದು ನೋಮ್ ಮುಟ್ಟಿತು. ಕೊನೆಯ ಬಂಡಿಯ ಮುಂದಿನ ನಾಯಿ ಬಾಲ್ಟೊ ಜಗತ್ಪ್ರಸಿದ್ಧವಾಯಿತು. ಅತಿ ಕಷ್ಟದ ಉದ್ದನೆಯ ಹಾದಿಯಲ್ಲಿ ಬಂಡಿ ಎಳೆಸಿದ ಟೋಗೊ ಎಂಬ ನಾಯಿಯ ಹೆಸರು ಜನರಿಗೆ ತಿಳಿಯಲು ಬಹುಕಾಲ ಬೇಕಾಯಿತು. ಕೊನೆಯಲ್ಲಿ ಬಾಗಿಲು ತಟ್ಟಿದವರಿಗೇ ಹಾರ ಬೀಳುವುದು ಎಲ್ಲ ಊರಿನಲ್ಲೂ ಇದ್ದದ್ದೇ.

ನಾಲ್ಕೇ ವರ್ಷಗಳಲ್ಲಿ ವಿಮಾನಗಳು ಜಲಸಂಧಿಯನ್ನೂ ದಾಟತೊಡಗಿದವು. 1929ರಲ್ಲಿ ಸೈಬೀರಿಯಾದ ಕರಾವಳಿಯ ಹಿಮದಲ್ಲಿ ಅಮೆರಿಕದ ಹಡಗೊಂದು ಸಿಕ್ಕಿಬಿತ್ತು. ಅದರಲ್ಲಿದ್ದ ಜನರನ್ನೂ ತುಪ್ಪುಳು ಚರ್ಮಗಳನ್ನೂ ತರಲು ಅಲಾಸ್ಕಾದ ಹೆಸರಾಂತ ಪೈಲಟ್ ಕಾರ್ಲ್ ಬೆನ್ ಐಲ್ಸನ್ ಹೋದ. ನವೆಂಬರ್ 9ರಂದು ಹೊರಟವನು ಮರಳಲಿಲ್ಲ. ಅವನನ್ನು ಹುಡುಕಿದವರಲ್ಲಿ ಅಮೆರಿಕನರೂ ಇದ್ದರು, ಸೋವಿಯತ್ ಪೈಲಟ್‌ಗಳೂ ಇದ್ದರು. ಅಮೆರಿಕ ಆಗಿನ್ನೂ ಸೋವಿಯತ್ ಸರ್ಕಾರವನ್ನು ಮಾನ್ಯಮಾಡಿರಲಿಲ್ಲ ಎಂಬುದನ್ನು ಗಮನಿಸಿ. ಐಲ್ಸನ್ನನ ಮತ್ತು ಅವನ ಮೆಕ್ಯಾನಿಕ್ಕನ ಶವಗಳನ್ನು ಅಲಾಸ್ಕಾಕ್ಕೆ ತಂದ ವಿಮಾನವನ್ನು ನಡೆಸಿದ್ದು ಸೋವಿಯತ್ ಪೈಲಟ್ ಸ್ಲೆಪ್ನ್ಯೊವ್.

ಮುಂದೆ ಎರಡನೆಯ ಮಹಾಯುದ್ಧದಲ್ಲಿ ಇದೇ ಆಕಾಶ ಹೆದ್ದಾರಿಯಾಯಿತು. ಜರ್ಮನಿಯೊಂದಿಗೆ ಕಾದುತ್ತಿದ್ದ ಸೋವಿಯತ್ ಒಕ್ಕೂಟಕ್ಕೆ ಅಮೆರಿಕ ಯುದ್ಧ ವಿಮಾನಗಳನ್ನು ಕೊಟ್ಟಿತು. 1942ರಿಂದ 1945ರ ತನಕ ಸುಮಾರು 8 ಸಾವಿರ ವಿಮಾನಗಳು ಹೋದವು. ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿ ಸೋವಿಯತ್ ಪೈಲಟ್‌ಗಳು ಅವನ್ನು ವಶಕ್ಕೆ ಪಡೆದು, ನೋಮ್‌ನಲ್ಲಿ ಇಳಿದು, ಜಲಸಂಧಿ ದಾಟಿ ಚುಕೋತ್ಕಾದ ಉಯೆಲ್ಕಾಲ್ ಮುಟ್ಟಿ, ಸೈಬೀರಿಯಾದ ಉದ್ದಕ್ಕೂ ಹಾರಿಸಿಕೊಂಡು ಹೋದರು.

ಆ ಯುದ್ಧ ಮುಗಿದು ಮೂರು ವರ್ಷ ತುಂಬುವುದರೊಳಗೆ ಬಾಗಿಲು ಮುಚ್ಚಿತು. ಎರಡೂ ದಡದ ಮೂಲನಿವಾಸಿಗಳು ಪರವಾನಗಿಯ ಗೋಜಿಲ್ಲದೆ ನೆಂಟರ ಮನೆಗೆ ಹೋಗಿಬರಲು 1938ರಲ್ಲಿ ಆಗಿದ್ದ ಏರ್ಪಾಡು 1948ರಲ್ಲಿ ರದ್ದಾಯಿತು. ಯೂರೋಪಿನಲ್ಲಿ ಕಬ್ಬಿಣದ ಪರದೆ ಇದ್ದ ಹಾಗೆ ಇಲ್ಲಿ ‘ಮಂಜುಗಡ್ಡೆಯ ಪರದೆ’ ಇಳಿಯಿತು ಎಂದು ಅಲಾಸ್ಕಾದವರು ಹೇಳುತ್ತಾರೆ. ದೊಡ್ಡ ಡಯೊಮೀಡಿನ ನಿವಾಸಿಗಳನ್ನು ಸೋವಿಯತ್ ಸರ್ಕಾರ ಒಕ್ಕಲೆಬ್ಬಿಸಿ ಮುಖ್ಯ ಭೂಭಾಗಕ್ಕೆ ಕಳಿಸಿತು, ದ್ವೀಪದಲ್ಲಿ ಸೈನಿಕರು ಉಳಿದರು. ಮುಂದಿನ 40 ವರ್ಷ ನೋಮ್‌ನಿಂದ ಪ್ರೊವಿದೇನಿಯಾಕ್ಕೆ ಎಷ್ಟು ಹೊತ್ತಿನ ದಾರಿ ಎಂದು ಕೇಳಿದರೆ ಉತ್ತರವೇ ಇರಲಿಲ್ಲ.

ಯಾರಿಗೆ ಇದರಿಂದ ನಷ್ಟ ಎಂದು ನೀವು ಕೇಳಬಹುದು. ಎರಡು ದೊಡ್ಡ ರಾಜ್ಯಗಳಿಗೆ ಏನೂ ಆಗಲಿಲ್ಲ. ಆದರೆ ಈ ಸೀಮೆಗೆ ವಾಷಿಂಗ್ಟನ್ನೂ ಮಾಸ್ಕೋವೂ ಬರುವ ಎಷ್ಟೋ ಮೊದಲಿನಿಂದ ಇಲ್ಲಿ ಯೂಪಿಕ್ ಎಂಬ ಜನ ಇದ್ದಾರೆ. ವಾಲ್ರಸ್, ಸೀಲ್, ತಿಮಿಂಗಿಲಗಳ ಬೇಟೆ ಅವರ ಬದುಕು. ನೋಮ್ ಮತ್ತು ಪ್ರೊವಿದೇನಿಯಾಗಳ ನಡುವಿನ ಕಡಲಿನಲ್ಲಿ ಸೇಂಟ್ ಲಾರೆನ್ಸ್ ಎಂಬ ದ್ವೀಪವಿದೆ. ಅದು ಅಮೆರಿಕಕ್ಕೆ ಸೇರಿದ್ದು. ಅಲ್ಲಿನ ಗ್ಯಾಂಬೆಲ್ ಹಳ್ಳಿಯಿಂದ ಚುಕೋತ್ಕಾದ ದಡಕ್ಕೆ ಸುಮಾರು 60 ಕಿಲೋಮೀಟರು. ದ್ವೀಪದವರ ನುಡಿಯೂ ಪ್ರೊವಿದೇನಿಯಾದ ಸುತ್ತಲಿನ ಯೂಪಿಕರ ನುಡಿಯೂ ಒಂದೇ. ಕುಲಗಳು ಒಂದೇ. ಚರ್ಮ ಹೊದಿಸಿದ ದೋಣಿಗಳಲ್ಲಿ ಮದುವೆಗೆ, ವ್ಯಾಪಾರಕ್ಕೆ, ಕುಣಿತಕ್ಕೆ ಆಚೀಚೆ ಓಡಾಡುತ್ತಿದ್ದವರು. ಅಣ್ಣ ಒಂದು ದಡದಲ್ಲಿ, ತಂಗಿ ಇನ್ನೊಂದರಲ್ಲಿ ಉಳಿದರು. 1950ರ ದಶಕದ ಕೊನೆಯಲ್ಲಿ ಸೋವಿಯತ್ ಅಧಿಕಾರಿಗಳು ನೌಕಾನ್ ಮತ್ತು ಹಳೆಯ ಚಾಪ್ಲಿನೊ ಎಂಬ ಯೂಪಿಕ್ ಹಳ್ಳಿಗಳನ್ನೇ ಮುಚ್ಚಿ, ಜನರನ್ನು ಬೇರೆಡೆ ಕೂರಿಸಿದರು. ಮಕ್ಕಳು ಶಾಲೆಯಲ್ಲಿ ರಷ್ಯನ್ ಕಲಿತರು. ಈಚೆ ದ್ವೀಪದ ಮಕ್ಕಳು ಇಂಗ್ಲಿಷ್ ಕಲಿತರು. ಎರಡು ತಲೆಮಾರು ಹೀಗೆ ಕಳೆದರೆ ಒಂದು ನುಡಿಗೆ ಏನಾಗುತ್ತದೆಂದು ಗಡಿ ಜಿಲ್ಲೆಗಳಲ್ಲಿ ಬೆಳೆದ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪರದೆಯನ್ನು ಮೊದಲು ಸರಿಸಿದ್ದು ವಿಮಾನವಲ್ಲ, ಒಬ್ಬ ಹೆಂಗಸಿನ ತೋಳು. 1987ರ ಆಗಸ್ಟ್ 7ರಂದು ಅಮೆರಿಕದ ಈಜುಗಾತಿ ಲಿನ್ ಕಾಕ್ಸ್ ಚಿಕ್ಕ ಡಯೊಮೀಡಿನಿಂದ ದೊಡ್ಡ ಡಯೊಮೀಡಿಗೆ ಈಜಿ ದಾಟಿದಳು. ಕೊರೆಯುವ ಆ ನೀರಿನಲ್ಲಿ ಅವಳಿಗೆ ಹಿಡಿದದ್ದು ಎರಡು ಗಂಟೆಯ ಚಿಲ್ಲರೆ ನಿಮಿಷ. ಆಚೆ ದಡದಲ್ಲಿ ಸೋವಿಯತ್ ಜನ ಕಂಬಳಿ ಹಿಡಿದು ಕಾದಿದ್ದರು. ಅದೇ ಡಿಸೆಂಬರಿನಲ್ಲಿ ಕ್ಷಿಪಣಿ ಒಪ್ಪಂದಕ್ಕೆ ಸಹಿ ಹಾಕಲು ವಾಷಿಂಗ್ಟನ್ನಿಗೆ ಬಂದ ಗೋರ್ಬಚೆವ್, ಔತಣದ ಭಾಷಣದಲ್ಲಿ ಅವಳನ್ನು ನೆನೆದರು.

ನೋಮ್‌ನವರಿಗೆ ಇಷ್ಟು ಸಾಕಾಯಿತು. ಅಲ್ಲಿನ ನಿವೇಶನ ವ್ಯಾಪಾರಿಯೊಬ್ಬರು ಬಲೂನುಗಳಿಗೆ ಸ್ನೇಹದ ಕಾಗದ ಕಟ್ಟಿ ಸೈಬೀರಿಯಾದ ಕಡೆ ಹಾರಿಬಿಟ್ಟಿದ್ದರು. ಜನ ನಕ್ಕಿರಬಹುದು. ಆದರೆ ಪತ್ರಗಳು, ಮನವಿಗಳು ಎರಡೂ ಕಡೆ ಓಡಾಡಿ, 1988ರ ಜೂನ್ 13ರಂದು ಅಲಾಸ್ಕಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನ ನೋಮ್‌ನಿಂದ ಎದ್ದು ಪ್ರೊವಿದೇನಿಯಾದಲ್ಲಿ ಇಳಿಯಿತು. ‘ಸ್ನೇಹದ ಹಾರಾಟ’ ಎಂದು ಅದಕ್ಕೆ ಹೆಸರು. ಒಳಗೆ 80ಕ್ಕೂ ಹೆಚ್ಚು ಮಂದಿ. ರಾಜ್ಯಪಾಲರು, ಸೆನೆಟರು, ವರದಿಗಾರರು ಇದ್ದರು. ಅವರ ಜೊತೆಗೆ ಸೇಂಟ್ ಲಾರೆನ್ಸ್ ದ್ವೀಪದ ಹಿರಿಯ ಯೂಪಿಕರೂ ಇದ್ದರು. ಆ ವಿಮಾನಕ್ಕೆ ಅರ್ಥ ಬಂದದ್ದು ಇವರಿಂದ ಎಂದು ನನ್ನ ಅಭಿಪ್ರಾಯ. 40 ವರ್ಷ ಕಾಣದ ನೆಂಟರನ್ನು ಕಾಣಲು ಅವರಿಗೆ ಹಿಡಿದದ್ದು ಮುಕ್ಕಾಲು ಗಂಟೆ.

ಆಮೇಲಿನ ಕೆಲವು ವರ್ಷ ಆ ಆಕಾಶದಲ್ಲಿ ಒಳ್ಳೆಯ ಕಾಲ. ಮೂಲನಿವಾಸಿಗಳು ವೀಸಾ ಇಲ್ಲದೆ ನೆಂಟರನ್ನು ನೋಡಿಬರಲು 1989ರಲ್ಲಿ ಎರಡೂ ಸರ್ಕಾರಗಳು ಒಪ್ಪಂದ ಮಾಡಿಕೊಂಡವು. ನೋಮ್‌ನ ಬೇರಿಂಗ್ ಏರ್ ಎಂಬ ಸಣ್ಣ ಕಂಪನಿಯ ಬಾಡಿಗೆ ವಿಮಾನಗಳು ಪ್ರೊವಿದೇನಿಯಾಕ್ಕೆ ಹೋಗಿಬರತೊಡಗಿದವು. ಅಲಾಸ್ಕಾ ಏರ್‌ಲೈನ್ಸ್ 1991ರಲ್ಲಿ ಮಗದಾನ್, ಖಬಾರೊವ್‌ಸ್ಕ್‌ಗಳಿಗೆ ವಿಮಾನ ಹಾಕಿತು. 1998ರಲ್ಲಿ ರೂಬಲ್ ಕುಸಿದಾಗ ನಿಲ್ಲಿಸಿತು. ಇಲ್ಲಿ ಒಂದು ಮಾತು. ಸರ್ಕಾರ ಬಾಗಿಲು ತೆರೆದ ಮಾತ್ರಕ್ಕೆ ವಿಮಾನ ಓಡುವುದಿಲ್ಲ. ಎರಡು ಸಾವಿರ ಜನರ ಊರಿಗೂ ನಾಲ್ಕು ಸಾವಿರ ಜನರ ಊರಿಗೂ ನಡುವೆ ದಿನವಹಿ ಸೀಟು ತುಂಬಿಸುವಷ್ಟು ಪ್ರಯಾಣಿಕರು ಎಲ್ಲಿಂದ ಬರಬೇಕು? ಉತ್ತರದ ಊರುಗಳ ವಿಮಾನಗಳು ಹೆಚ್ಚಾಗಿ ದಕ್ಷಿಣದ ದೊಡ್ಡ ಪಟ್ಟಣಕ್ಕೆ ಹೋಗುತ್ತವೆ, ಪಕ್ಕದ ಉತ್ತರದ ಊರಿಗೆ ಹೋಗುವುದು ಕಡಿಮೆ. ನಮ್ಮಲ್ಲೂ ಒಂದು ತಾಲ್ಲೂಕಿನಿಂದ ನೆರೆಯ ತಾಲ್ಲೂಕಿಗೆ ಬಸ್ಸಿಲ್ಲದೆ ಜಿಲ್ಲಾ ಕೇಂದ್ರ ಸುತ್ತಿ ಹೋಗುವವರಿಗೆ ಇದು ತಿಳಿದ ಸಂಗತಿ.

2022ರ ಫೆಬ್ರವರಿಯಲ್ಲಿ ರಷ್ಯ ಉಕ್ರೇನಿನ ಮೇಲೆ ಯುದ್ಧ ಹೂಡಿದ ಮೇಲೆ ಅಮೆರಿಕ ರಷ್ಯದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ರಷ್ಯವೂ ಅಮೆರಿಕದ ವಿಮಾನಗಳಿಗೆ ತನ್ನದನ್ನು ಮುಚ್ಚಿತು. ಆ ಮೇಲಿನ ಪರಿಸ್ಥಿತಿಯಲ್ಲಿ ಒಬ್ಬರು ನೋಮ್‌ನಿಂದ ಪ್ರೊವಿದೇನಿಯಾಕ್ಕೆ ಹೋಗಲೇಬೇಕೆಂದು ಹಟ ಹಿಡಿದರೆ ದಾರಿ ಹೇಗೆ? ನಾನು ಒಂದು ಲೆಕ್ಕ ಹಾಕಿದೆ. ನೋಮ್‌ನಿಂದ ಆಂಕರೇಜ್, 865 ಕಿಲೋಮೀಟರು. ಅಲ್ಲಿಂದ ಸಿಯಾಟಲ್, 2,330. ಸಿಯಾಟಲ್‌ನಿಂದ ಇಸ್ತಾಂಬುಲ್, ಸುಮಾರು 9,800. ಇಸ್ತಾಂಬುಲ್‌ನಿಂದ ಮಾಸ್ಕೋ ನೇರ ಗೆರೆಯಲ್ಲಿ 1,750. ಯುದ್ಧದ ಆಕಾಶವನ್ನು ಬಳಸಿಕೊಂಡು ಹೋಗಬೇಕಾದ್ದರಿಂದ ಇನ್ನೂ ಹೆಚ್ಚು. ಮಾಸ್ಕೋದಿಂದ ಚುಕೋತ್ಕಾದ ರಾಜಧಾನಿ ಅನಾದಿರ್, ಸುಮಾರು 6,200. ಕೊನೆಗೆ ಅನಾದಿರ್‌ನಿಂದ ಪ್ರೊವಿದೇನಿಯಾ, 430. ಒಟ್ಟು 21 ಸಾವಿರ ಕಿಲೋಮೀಟರಿನ ಮೇಲೆ. ಭೂಮಿಯ ಸುತ್ತಳತೆಯೇ 40 ಸಾವಿರ! ಶಾಲೆಯ ಭೂಪಟದಲ್ಲಿ ಎಡ ಅಂಚಿನಿಂದ ಬಲ ಅಂಚಿಗೆ ಬೆರಳೆಳೆದೆವಲ್ಲ, ಹೆಚ್ಚುಕಡಿಮೆ ಅದೇ ದಾರಿ. ಆಕಾಶದಲ್ಲಿ ಕಳೆಯುವ ಹೊತ್ತೇ ಸುಮಾರು 30 ಗಂಟೆ. ನಡುವಿನ ಕಾಯುವಿಕೆ ಸೇರಿದರೆ ಮೂರು ನಾಲ್ಕು ದಿನ, ಅದೂ ಹವೆ ಒಲಿದರೆ. ಚುಕೋತ್ಕಾ ಗಡಿ ವಲಯವಾದ್ದರಿಂದ ಪರದೇಶದವರಿಗೆ ವೀಸಾದ ಮೇಲೊಂದು ವಿಶೇಷ ಅನುಮತಿಯೂ ಬೇಕು. ಅನಾದಿರ್‌ನಲ್ಲಿ ಕಾಯುತ್ತ ಕೂತವರು ನೆನೆಯಬೇಕಾದ ಇನ್ನೊಂದು ಅಂಕಿ: ಅಲ್ಲಿಂದ ನೋಮ್‌ಗೆ ನೇರವಾಗಿ 800 ಕಿಲೋಮೀಟರು. ನೋಮ್‌ಗೆ ತನ್ನದೇ ರಾಜ್ಯದ ಆಂಕರೇಜ್‌ಗಿಂತ ಅದು ಹತ್ತಿರ.

ಈ ಆಕಾಶ ಎಲ್ಲರಿಗೂ ಮುಚ್ಚಿಲ್ಲ ಎಂಬುದು ವಿಚಿತ್ರ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾ ವಿಮಾನ ಎಂಜಿನಿನ ತೊಂದರೆಯಿಂದ ಮಗದಾನ್‌ನಲ್ಲಿ ಇಳಿಯಬೇಕಾಯಿತು. ಹೆಸರೇ ಕೇಳಿರದ ಆ ಊರಿನಲ್ಲಿ ನಮ್ಮವರೂ ಸೇರಿದ 216 ಪ್ರಯಾಣಿಕರು, ಮುಂಬಯಿಯಿಂದ ಬೇರೆ ವಿಮಾನ ಬರುವ ತನಕ ಕಾದರು. ಆಗ ನಮ್ಮ ಪತ್ರಿಕೆಗಳಲ್ಲಿ ಬಂದ ಪ್ರಶ್ನೆ, ಅಲ್ಲಿಗೇಕೆ ಹೋಯಿತು ಎಂದು. ದಾರ ಹಿಡಿದು ನೋಡಿದರೆ ದೆಹಲಿಯಿಂದ ಅಮೆರಿಕದ ಪಶ್ಚಿಮ ತೀರಕ್ಕೆ ಹತ್ತಿರದ ದಾರಿ ರಷ್ಯದ ಮೇಲೆಯೇ ಹಾಯುತ್ತದೆ. ಭಾರತದ ವಿಮಾನಕ್ಕೆ ಆ ದಾರಿ ತೆರೆದಿತ್ತು. ದೆಹಲಿಯಿಂದ ಹೊರಟವರು ಹಾರಬಹುದಾದ ಆಕಾಶದಲ್ಲಿ, ಪಕ್ಕದ ನೋಮ್‌ನಿಂದ ಹೊರಟ ವಿಮಾನ ಹಾರುವಂತಿರಲಿಲ್ಲ.

ಸೇಂಟ್ ಲಾರೆನ್ಸ್ ದ್ವೀಪದ ಗ್ಯಾಂಬೆಲ್‌ನವರಿಗೆ ಈ ಅಂಕಿಗಳೆಲ್ಲ ಬೇಕಾಗಿಲ್ಲ. ಮೋಡವಿಲ್ಲದ ದಿನ ತಮ್ಮ ಹಳ್ಳಿಯ ದಂಡೆಯಲ್ಲಿ ನಿಂತರೆ ಅವರಿಗೆ ಆಚೆಯ ಬೆಟ್ಟಗಳು ಕಾಣುತ್ತವೆ. 1988ರಲ್ಲಿ ವಿಮಾನ ಹತ್ತಿದ್ದ ಹಿರಿಯರು, 1948ಕ್ಕೆ ಮೊದಲು ಎರಡೂ ದಡದಲ್ಲಿ ಯಾರ ಮನೆ ಎಲ್ಲಿತ್ತೆಂದು ಬಲ್ಲವರು. ಅವರ ಮೊಮ್ಮಕ್ಕಳಿಗೆ ಈಗ ಆಚೆಯವರ ಹೆಸರುಗಳನ್ನು ಕೇಳಿ ಮಾತ್ರ ಗೊತ್ತು. ಆಚೆಯ ಮೊಮ್ಮಕ್ಕಳೊಡನೆ ಮಾತಾಡಲು ಒಂದೇ ನುಡಿ ಉಳಿದಿರುವ ಮನೆಗಳು ಎರಡೂ ಕಡೆ ಕಡಿಮೆಯಾಗುತ್ತಿವೆ. ನೋಮ್‌ನಿಂದ ಗ್ಯಾಂಬೆಲ್‌ಗೆ ಸಣ್ಣ ವಿಮಾನ ಬರುತ್ತದೆ, ಹೊರಳಿ ನೋಮ್‌ಗೇ ಹೋಗುತ್ತದೆ.